ಕಚೇರಿಯ ಕಂಪ್ಯೂಟರ್ ಮುಂದೆ ಕೂರುವವರಿಗೆ: ನನ್ನ ಟೇಬಲ್ಲಿನ ಅಭ್ಯಾಸಗಳು

ಅಡಿಕೆ ಸುಗ್ಗಿಯ ದಿನಗಳು, 2019ರ ಫೆಬ್ರವರಿಯ ಒಂದು ಸೋಮವಾರ. ಕೌಂಟರಿನ ಮುಂದೆ ಸಾಲದ ಕಂತು ಕಟ್ಟುವವರ ಸರದಿ ಬೆಳೆದಿತ್ತು. ಬೆಳಿಗ್ಗೆ ಹತ್ತೂವರೆ ದಾಟಿದಾಗ ಸಂಘದ ಇಮೇಲ್‌ಗೆ ಜಿಎಸ್‌ಟಿ ನೋಟಿಸು ಎಂಬ ತಲೆಬರಹದ ಪತ್ರವೊಂದು ಬಂತು. ಇವತ್ತು ಸಂಜೆಯೊಳಗೆ ಉತ್ತರ ಕೊಡದಿದ್ದರೆ ದಂಡ ಎಂದು ಬರೆದಿತ್ತು. ಜೊತೆಗಿದ್ದ ಫೈಲನ್ನು ಒತ್ತಿದೆ. ಏನೂ ತೆರೆಯಲಿಲ್ಲ. ಇನ್ನೊಮ್ಮೆ ಒತ್ತಿದೆ. ಹತ್ತು ನಿಮಿಷದಲ್ಲಿ ಲೆಕ್ಕದ ತಂತ್ರಾಂಶ ಟ್ಯಾಲಿ ನಿಂತುಹೋಯಿತು. ಫೋಲ್ಡರ್ ತೆರೆದು ನೋಡಿದರೆ ಪ್ರತಿ ಫೈಲಿನ ಹೆಸರಿಗೂ ನಾನು ಎಂದೂ ಕಾಣದ ಅಕ್ಷರಗಳ ಬಾಲ ಅಂಟಿಕೊಂಡಿತ್ತು.

ಆಗ ನನ್ನ ತಲೆಯಲ್ಲಿ ಓಡಿದ್ದು ಒಂದೇ ಯೋಚನೆ: ಬೈಗುಳ ಬೀಳುತ್ತದೆ. ಯಾರಿಗೂ ಹೇಳದೆ ಕಂಪ್ಯೂಟರನ್ನು ಎರಡು ಸಲ ಆಫ್ ಮಾಡಿ ಆನ್ ಮಾಡಿದೆ. ಹಾಗೆ 40 ನಿಮಿಷ ಕಳೆದೆ. ಅಷ್ಟರಲ್ಲಿ ನನ್ನ ಕಂಪ್ಯೂಟರಿನಿಂದ ಹಂಚಿಕೆಯ ಫೋಲ್ಡರಿಗೆ, ಅಲ್ಲಿಂದ ಮ್ಯಾನೇಜರರ ಕಡತಗಳಿಗೆ, ಕೊನೆಗೆ ಸಿಪಿಯು ಹಿಂದೆ ಸದಾ ಚುಚ್ಚಿಟ್ಟಿರುತ್ತಿದ್ದ ಬ್ಯಾಕಪ್ ಡಿಸ್ಕಿಗೂ ಆ ವೈರಸ್ ಹಬ್ಬಿತು. ಕಡತಗಳಿಗೆ ಬೀಗ ಹಾಕಿ, ತೆಗೆಯಲು ದುಡ್ಡು ಕೇಳುವ ರಾನ್ಸಮ್‌ವೇರ್ ಅದು. ಪರದೆಯ ಮೇಲೆ ಬಿಟ್‌ಕಾಯಿನ್ ಎಂಬ ಡಿಜಿಟಲ್ ದುಡ್ಡು ಕೇಳುವ ಒಕ್ಕಣೆ ಬಂದಾಗ ಉಳಿಸಿಕೊಳ್ಳಲು ಏನೂ ಇರಲಿಲ್ಲ. ಸಂಘ ದುಡ್ಡು ಕೊಡಲಿಲ್ಲ. ರಸೀದಿ ಪುಸ್ತಕಗಳ ಕಾರ್ಬನ್ ಪ್ರತಿ ಇಟ್ಟುಕೊಂಡು, ಐದು ತಿಂಗಳ ಲೆಕ್ಕವನ್ನು ನಾವು ಮೂವರು ಹನ್ನೊಂದು ವಾರ ಕೂತು ಮತ್ತೆ ಬರೆದೆವು. ಮಾರ್ಚ್ 31ರ ರಾತ್ರಿ ಲೆಕ್ಕ ಮುಗಿಸಿ ಮನೆಗೆ ಹೋಗುವ ಖುಷಿ ಆ ವರ್ಷ ಯಾರಿಗೂ ಸಿಗಲಿಲ್ಲ.

ನಾನು ಶಿವಮೊಗ್ಗ ಜಿಲ್ಲೆಯ ಒಂದು ಸಹಕಾರ ಸಂಘದಲ್ಲಿ 22 ವರ್ಷದಿಂದ ಲೆಕ್ಕ ನೋಡುತ್ತಿದ್ದೇನೆ. ಬಿ.ಕಾಂ. ಮುಗಿಸಿ ರೋಜುಕಿರ್ದಿ ಬರೆಯಲು ಸೇರಿದವಳು. ಕಂಪ್ಯೂಟರ್ ವಿಜ್ಞಾನ ಓದಿಲ್ಲ. ಆ ಹನ್ನೊಂದು ವಾರದ ನಂತರ ಒಂದೊಂದಾಗಿ ಕಲಿತು, ಸಹೋದ್ಯೋಗಿಗಳಿಗೆ ಹೇಳಿಕೊಟ್ಟು, ಕೈಗೆ ರೂಢಿಯಾದ ಕೆಲಸಗಳನ್ನಷ್ಟೇ ಇಲ್ಲಿ ಬರೆಯುತ್ತಿದ್ದೇನೆ. ಪಂಚಾಯಿತಿ, ಶಾಲೆಯ ಆಫೀಸು, ಆಡಿಟರ್ ಕಚೇರಿ, ಅಂಗಡಿ, ಎಲ್ಲಿ ಕೂತವರಿಗೂ ಇವು ಹೊಂದುತ್ತವೆ.

ಬ್ಯಾಕಪ್: ಡಿಸ್ಕ್ ಬಿಚ್ಚಿ ಇಡಿ

ಬೇರೇನನ್ನು ಬಿಟ್ಟರೂ ಇದೊಂದನ್ನು ಬಿಡಬೇಡಿ. ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು, ಕಂಪ್ಯೂಟರ್ ಸುಟ್ಟರೆ ಹೊಸದು ತರಬಹುದು. ಸದಸ್ಯರ ಹತ್ತು ವರ್ಷದ ಖಾತೆಯನ್ನು ಯಾವ ಅಂಗಡಿಯಲ್ಲೂ ಮಾರುವುದಿಲ್ಲ.

ನಮ್ಮ ಹಳೆಯ ತಪ್ಪು ಬ್ಯಾಕಪ್ ಇಲ್ಲದ್ದಲ್ಲ. ಬ್ಯಾಕಪ್ ಡಿಸ್ಕು ಹಗಲೂ ರಾತ್ರಿ ಕಂಪ್ಯೂಟರಿಗೆ ಅಂಟಿಕೊಂಡೇ ಇದ್ದದ್ದು. ಕಂಪ್ಯೂಟರಿಗೆ ಕಾಣುವ ಜಾಗವೆಲ್ಲ ಕಳ್ಳನಿಗೂ ಕಾಣುತ್ತದೆ. ಪೀಟರ್ ಕ್ರೋಗ್ ಎಂಬ ಛಾಯಾಗ್ರಾಹಕರು ಜನಪ್ರಿಯಗೊಳಿಸಿದ ಒಂದು ಲೆಕ್ಕವಿದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಜಾಗದಲ್ಲಿ. ನಾವು ಅದನ್ನು ನಮಗೆ ಹೊಂದಿಸಿಕೊಂಡೆವು. ಎರಡು ಹೊರಗಿನ ಹಾರ್ಡ್ ಡಿಸ್ಕ್ ಇವೆ, ಒಂದಕ್ಕೆ ಕೆಂಪು ದಾರ, ಇನ್ನೊಂದಕ್ಕೆ ನೀಲಿ. ಒಂದು ವಾರ ಕೆಂಪಿನದು, ಮುಂದಿನ ವಾರ ನೀಲಿಯದು. ಸಂಜೆ ಐದಕ್ಕೆ ಚುಚ್ಚಿ, ಪ್ರತಿ ತೆಗೆದು, ಸರಿಯಾಗಿ ಇಜೆಕ್ಟ್ ಮಾಡಿ, ಬಿಚ್ಚಿ ತಿಜೋರಿಯಲ್ಲಿ ಇಡುತ್ತೇವೆ. ಆ ವಾರ ಕೆಲಸವಿಲ್ಲದ ಡಿಸ್ಕು ಒಂಬತ್ತು ಕಿಲೋಮೀಟರ್ ಆಚೆಯ ನಮ್ಮ ಶಾಖೆಯಲ್ಲಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಸಿಡಿಲಿಗೆ ಒಂದು ಕಟ್ಟಡದ ಯಂತ್ರಗಳೆಲ್ಲ ಒಟ್ಟಿಗೆ ಸುಡುವುದುಂಟು, ಹಾಗಾಗಿ ಎರಡೂ ಒಂದೇ ಸೂರಿನಡಿ ಇರಬಾರದು. ಹೊರಗೆ ಹೋಗುವ ಡಿಸ್ಕಿನಲ್ಲಿ ಜನರ ಆಧಾರ್, ಪಹಣಿ, ಸಾಲದ ವಿವರ ಇರುವುದರಿಂದ ವಿಂಡೋಸ್ ಪ್ರೊ ಆವೃತ್ತಿಯಲ್ಲಿರುವ ಬಿಟ್‌ಲಾಕರ್‌ನಿಂದ ಅದಕ್ಕೆ ಬೀಗ ಹಾಕಿದ್ದೇವೆ. ಬೀಗದ ರಿಕವರಿ ಕೀಯನ್ನು ಕಾಗದದಲ್ಲಿ ಮುದ್ರಿಸಿ, ಲಕೋಟೆಗೆ ಅರಗಿನ ಮೊಹರು ಹಾಕಿ ತಿಜೋರಿಯಲ್ಲಿಟ್ಟಿದ್ದೇವೆ.

ಪ್ರತಿ ತೆಗೆದರೆ ಅರ್ಧ ಕೆಲಸವಾಯಿತು ಅಷ್ಟೆ. ತಿಂಗಳ ಮೊದಲ ಶನಿವಾರ ಒಂದು ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಯಾರಾದರೊಬ್ಬ ಸದಸ್ಯರ ಖಾತೆಯ ಬಾಕಿ ಮತ್ತು ಹಿಂದಿನ ದಿನದ ನಗದು ಶಿಲ್ಕನ್ನು ಕಾಗದದ ಜೊತೆ ತಾಳೆ ನೋಡುತ್ತೇವೆ. ಇದನ್ನು ಶುರು ಮಾಡಿದ ಮೊದಲ ತಿಂಗಳೇ ಒಂದು ವಿಷಯ ಗೊತ್ತಾಯಿತು. ಏಪ್ರಿಲ್ 1ಕ್ಕೆ ಹೊಸ ವರ್ಷದ ಲೆಕ್ಕಕ್ಕೆ ಹೊಸ ಫೋಲ್ಡರ್ ಆಗಿತ್ತು. ಆದರೆ ನಾವು ಶ್ರದ್ಧೆಯಿಂದ ದಿನವೂ ಉಳಿಸಿಕೊಳ್ಳುತ್ತಿದ್ದದ್ದು ಹಳೆಯ ವರ್ಷದ ಫೋಲ್ಡರನ್ನು! ಎರಡು ತಿಂಗಳ ಲೆಕ್ಕಕ್ಕೆ ಪ್ರತಿಯೇ ಇರಲಿಲ್ಲ. ತೆರೆದು ನೋಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಗೂಗಲ್ ಡ್ರೈವ್, ಒನ್‌ಡ್ರೈವ್ ಇದ್ದರೆ ಸಾಕಲ್ಲವೇ ಎಂದು ಕೇಳುತ್ತಾರೆ. ಅವು ಇರಲಿ. ಆದರೆ ಅವು ಕಂಪ್ಯೂಟರಿನ ಬದಲಾವಣೆಯನ್ನು ತಕ್ಷಣ ಮೇಲಕ್ಕೂ ಒಯ್ಯುತ್ತವೆ, ಹಾಳಾದ ಫೈಲನ್ನೂ ಸೇರಿಸಿ. ಹಳೆಯ ಆವೃತ್ತಿ ವಾಪಸು ಪಡೆಯುವ ದಾರಿ ಇದೆಯಾದರೂ ಬಿಚ್ಚಿಟ್ಟ ಡಿಸ್ಕಿನಷ್ಟು ನೆಮ್ಮದಿ ನನಗೆ ಅದರಿಂದ ಬಂದಿಲ್ಲ.

ಇಮೇಲ್ ಮತ್ತು ವಾಟ್ಸಾಪ್: ಅವಸರ ಮಾಡಿಸುವುದನ್ನು ಅನುಮಾನಿಸಿ

ನನ್ನನ್ನು ಕೆಡವಿದ್ದು "ಇವತ್ತು ಸಂಜೆಯೊಳಗೆ" ಎಂಬ ಮಾತು. ಆಮೇಲೆ ಬಂದ ಮೋಸಗಳಲ್ಲೆಲ್ಲ ಅದೇ ಮಾತನ್ನು ನೋಡಿದ್ದೇನೆ. ರಾತ್ರಿ ಒಂಬತ್ತೂವರೆಗೆ ಕರೆಂಟು ಕಟ್ಟಾಗುತ್ತದೆ, ಈ ನಂಬರಿಗೆ ಫೋನ್ ಮಾಡಿ. ಕೆವೈಸಿ ಇವತ್ತೇ ಕೊನೆ. ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಮಾದಕವಸ್ತು ಸಿಕ್ಕಿದೆ, ವಿಡಿಯೋ ಕರೆ ಕಟ್ ಮಾಡಬೇಡಿ, ನೀವು ಡಿಜಿಟಲ್ ಬಂಧನದಲ್ಲಿದ್ದೀರಿ. ನಮ್ಮ ದೇಶದ ಕಾನೂನಿನಲ್ಲಿ ಡಿಜಿಟಲ್ ಬಂಧನ ಎಂಬುದೇ ಇಲ್ಲ. ಯಾವ ಸಂದೇಶ ನಿಮ್ಮ ಎದೆ ಬಡಿತ ಹೆಚ್ಚಿಸುತ್ತದೋ ಅದನ್ನು ಹಾಗೇ ಬಿಟ್ಟು, ಎದ್ದು ಹೋಗಿ ಒಂದು ಲೋಟ ನೀರು ಕುಡಿದು ಬನ್ನಿ. ನಿಜವಾದ ನೋಟಿಸು ಆ ಐದು ನಿಮಿಷ ಕಾಯುತ್ತದೆ.

ಕೂತ ಮೇಲೆ ನೋಡಬೇಕಾದ್ದು ಕಳಿಸಿದವರ ಪೂರ್ತಿ ವಿಳಾಸ. ಪರದೆಯ ಮೇಲೆ ಕಾಣುವ ಹೆಸರನ್ನು ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ವೆಬ್ ವಿಳಾಸವನ್ನಂತೂ ಹಿಂದಿನಿಂದ ಓದಬೇಕು. ಎರಡು ಸ್ಲ್ಯಾಷ್ ಆದ ಮೇಲೆ ಬರುವ ಮೊದಲ ಒಂಟಿ ಸ್ಲ್ಯಾಷ್‌ವರೆಗೆ ಬೆರಳು ಇಟ್ಟು, ಅಲ್ಲಿಂದ ಎಡಕ್ಕೆ ಬನ್ನಿ. ಕಾಗದದ ಮೇಲೆ ಮನೆಯ ಹೆಸರು ಏನೇ ಬರೆದಿರಲಿ, ಅದು ಹೋಗುವುದು ಕೊನೆಯ ಸಾಲಿನ ಊರಿಗೆ. ಇದೂ ಹಾಗೆಯೇ. 'ಡಾಟ್ ಗವ್ ಡಾಟ್ ಇನ್' ಅಥವಾ 'ಡಾಟ್ ನಿಕ್ ಡಾಟ್ ಇನ್' ಎಂದು ಮುಗಿದರೆ ಸರ್ಕಾರದ್ದು. ಮಧ್ಯದಲ್ಲೆಲ್ಲೋ 'ಗವ್ ಡಾಟ್ ಇನ್' ಬಂದು, ಕೊನೆಯಲ್ಲಿ ಇನ್ನೇನೋ 'ಡಾಟ್ ಕಾಮ್' ಇದ್ದರೆ ಅದು ಆ ಇನ್ನೇನೋ ಮನೆಯವರದ್ದು. ಬ್ಯಾಂಕುಗಳೆಲ್ಲ 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯುವ ವಿಳಾಸಕ್ಕೆ ಬರಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು. ಅದರಿಂದ ಗುರುತು ಹಿಡಿಯುವುದು ಸುಲಭವಾಗಿದೆ. ಬೀಗದ ಚಿತ್ರ ನೋಡಿ ನಂಬುವ ಕಾಲ ಹೋಯಿತು. ನಡುವೆ ಯಾರೂ ಕದ್ದು ಓದುತ್ತಿಲ್ಲ ಎಂದಷ್ಟೇ ಅದರ ಅರ್ಥ, ಆ ಕಡೆ ಕೂತವನು ಸಾಚಾ ಎಂದಲ್ಲ. ಕ್ರೋಮ್ ಆ ಚಿತ್ರವನ್ನು 2023ರಲ್ಲಿ ತೆಗೆದೇಬಿಟ್ಟಿತು.

ಫೈಲಿನ ಹೆಸರಿನ ಬಾಲವೂ ಕಣ್ಣಿಗೆ ಬೀಳುವಂತೆ ಮಾಡಿಕೊಳ್ಳಿ. ವಿಂಡೋಸ್ ತಾನಾಗಿ ಅದನ್ನು ಮುಚ್ಚಿಡುತ್ತದೆ. 2000ದ ಮೇ 4ರಂದು ಜಗತ್ತಿನ ತುಂಬ ಹರಡಿದ 'ಐ ಲವ್ ಯೂ' ವೈರಸ್ ಗೆದ್ದದ್ದೇ ಹೀಗೆ. ಹೆಸರು 'ಟಿಎಕ್ಸ್‌ಟಿ' ಎಂದು ಮುಗಿದಂತೆ ಕಂಡು, ಪ್ರೇಮಪತ್ರ ಎಂದು ಜನ ತೆರೆದರು. ನಿಜವಾದ ಬಾಲ 'ವಿಬಿಎಸ್' ಬಚ್ಚಿಟ್ಟುಕೊಂಡಿತ್ತು, ಅಂದರೆ ಅದೊಂದು ಓಡುವ ಪ್ರೋಗ್ರಾಂ. ವಿಂಡೋಸ್ 11ರಲ್ಲಿ ಫೋಲ್ಡರ್ ತೆರೆದು ವ್ಯೂ, ಶೋ, ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದಕ್ಕೆ ಗುರುತು ಹಾಕಿದರೆ ಬಾಲ ಕಾಣುತ್ತದೆ. ಬಿಲ್ಲು, ನೋಟಿಸು ಎಂದು ಬಂದದ್ದು 'ಇಎಕ್ಸ್‌ಇ', 'ವಿಬಿಎಸ್', 'ಜೆಎಸ್' ಎಂದು ಮುಗಿದರೆ ತೆರೆಯುವ ಮಾತೇ ಇಲ್ಲ. ವರ್ಡ್, ಎಕ್ಸೆಲ್ ಕಡತ 'ಎನೇಬಲ್ ಕಂಟೆಂಟ್' ಒತ್ತಿ ಎಂದು ಕೇಳಿದರೆ ಒತ್ತಬೇಡಿ. ಅದೇ ಮೋಸ ಈಗ ಮೊಬೈಲಿಗೆ ಮದುವೆ ಕರೆಯೋಲೆಯಾಗಿ, ಆರ್‌ಟಿಒ ಚಲನ್ ಆಗಿ ಬರುತ್ತಿದೆ. ಹೆಸರಿನ ಕೊನೆಗೆ 'ಎಪಿಕೆ' ಇರುತ್ತದೆ, ಅಂದರೆ ಅದೊಂದು ಆ್ಯಪ್. ಮದುವೆ ಕಾಗದ ಚಿತ್ರವಾಗಿರುತ್ತದೆ ಅಥವಾ ಪಿಡಿಎಫ್ ಆಗಿರುತ್ತದೆ, ಅದನ್ನು ಫೋನಿನಲ್ಲಿ ಇನ್‌ಸ್ಟಾಲ್ ಮಾಡುವ ಅಗತ್ಯ ಬರುವುದಿಲ್ಲ.

ದುಡ್ಡಿನ ವಿಚಾರಕ್ಕೆ ಇನ್ನೊಂದು ಹೆಜ್ಜೆ ಹೆಚ್ಚು. 2021ರಲ್ಲಿ ನಮಗೆ ಗೋಣಿಚೀಲ ಪೂರೈಸುವವರ ಹೆಸರಿನಲ್ಲಿ ಇಮೇಲ್ ಬಂತು: ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ. ಲೆಟರ್‌ಹೆಡ್ ಅದೇ, ಸಹಿ ಅದೇ. ಅಲ್ಲಿ ಬರೆದ ಫೋನ್ ನಂಬರಿಗೆ ಕರೆ ಮಾಡದೆ, ಹಳೆಯ ಬಿಲ್ಲಿನ ಕಡತದಲ್ಲಿದ್ದ ನಂಬರಿಗೆ ಮಾಡಿದೆ. ಅವರು ಖಾತೆ ಬದಲಿಸಿಯೇ ಇರಲಿಲ್ಲ. ಮತ್ತೆ ವಿಳಾಸ ನೋಡಿದಾಗ ಇಂಗ್ಲಿಷಿನ ಎಮ್ ಇರಬೇಕಾದ ಜಾಗದಲ್ಲಿ ಆರ್ ಮತ್ತು ಎನ್ ಒತ್ತಿಕೊಂಡು ಕೂತಿದ್ದವು. ಖಾತೆ ಬದಲಾವಣೆಯ ಪತ್ರ ಬಂದರೆ ಹಳೆಯ ನಂಬರಿಗೆ ಕರೆ, ಇಬ್ಬರ ಸಹಿ, ಆಮೇಲೆ ಪಾವತಿ. ಸಹಕಾರ ಸಂಘದವರಿಗೆ ಇದು ಹೊಸದೇನಲ್ಲ, ತಿಜೋರಿಯ ಎರಡು ಕೀ ಇಬ್ಬರ ಕೈಯಲ್ಲಿ ಇರುವುದು ಇದಕ್ಕೇ ತಾನೆ.

ಪಾಸ್‌ವರ್ಡ್

ನಮ್ಮ ಆಫೀಸಿನ ಪಾಸ್‌ವರ್ಡ್ ಬಹುಕಾಲ ಊರಿನ ಹೆಸರು, ಅಟ್ ಚಿಹ್ನೆ, 123 ಆಗಿತ್ತು. ಎಲ್ಲ ಕಂಪ್ಯೂಟರಿಗೂ ಅದೇ, ಇಮೇಲ್‌ಗೂ ಅದೇ. ತಿಂಗಳಿಗೊಮ್ಮೆ ಬದಲಿಸಿ ಎಂದು ಒತ್ತಾಯ ಬಂದಾಗ 123 ಹೋಗಿ 124 ಆಗುತ್ತಿತ್ತು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2017ರಲ್ಲಿ ತನ್ನ ಹಳೆಯ ಸಲಹೆಯನ್ನು ತಾನೇ ಬದಲಿಸಿತು: ಸೋರಿದ ಸುಳಿವು ಇಲ್ಲದೆ ಪದೇಪದೇ ಬದಲಿಸುವಂತೆ ಪೀಡಿಸಬೇಡಿ, ಚಿಹ್ನೆಗಳಿಗಿಂತ ಉದ್ದಕ್ಕೆ ಬೆಲೆ ಕೊಡಿ.

ನಾನು ಹೇಳಿಕೊಡುವುದು ಹೀಗೆ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದ ತೆಗೆದುಕೊಂಡು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಗೊರಬಲು, ಛತ್ರಿ, ಮಂಗಳವಾರ, ಇರುವೆ ಎಂಬಂತೆ. ಈ ನಾಲ್ಕನ್ನೇ ಬಳಸಬೇಡಿ, ಓದಿದವರಿಗೆಲ್ಲ ಗೊತ್ತಾಯಿತು. ವಚನದ ಸಾಲು, ಗಾದೆ, ಮಕ್ಕಳ ಹೆಸರು, ಗಾಡಿ ನಂಬರು ಬೇಡ. ಇಮೇಲ್‌ನ ಪಾಸ್‌ವರ್ಡ್ ಎಲ್ಲಕ್ಕಿಂತ ಗಟ್ಟಿಯಾಗಿರಲಿ, ಇನ್ನೆಲ್ಲೂ ಅದನ್ನು ಬಳಸಬೇಡಿ, ಏಕೆಂದರೆ ಬೇರೆಡೆ 'ಮರೆತಿದ್ದೇನೆ' ಎಂದು ಒತ್ತಿದಾಗ ಹೊಸ ಕೀ ಬರುವುದು ಅಲ್ಲಿಗೇ. ಅದಕ್ಕೆ ಎರಡು ಹಂತದ ಪರಿಶೀಲನೆಯನ್ನೂ ಹಾಕಿ, ಪಾಸ್‌ವರ್ಡ್ ಕದ್ದವನು ನಿಮ್ಮ ಫೋನು ಇಲ್ಲದೆ ಒಳಗೆ ಬರುವುದು ಕಷ್ಟವಾಗುತ್ತದೆ.

ಇಷ್ಟೆಲ್ಲ ನೆನಪಿಡುವುದು ಹೇಗೆ? ಬಿಟ್‌ವಾರ್ಡನ್, ಕೀಪಾಸ್ ಥರದ ಪಾಸ್‌ವರ್ಡ್ ಪೆಟ್ಟಿಗೆಗಳಿವೆ, ದುಡ್ಡು ಕೊಡದೆ ಬಳಸಬಹುದು. ಅದು ಒಗ್ಗದವರು ಒಂದು ಸಣ್ಣ ಪುಸ್ತಕದಲ್ಲಿ ಬರೆದು ಬೀರುವಿನಲ್ಲಿ ಬೀಗ ಹಾಕಿ ಇಡಿ. ದೂರದ ದೇಶದ ಕಳ್ಳ ನಿಮ್ಮ ಬೀರು ತೆರೆಯಲಾರ. ಕೀಬೋರ್ಡಿನ ಕೆಳಗೆ ಚೀಟಿ ಅಂಟಿಸಿದರೆ ಮಾತ್ರ ಕಸ ಗುಡಿಸುವವರಿಂದ ಹಿಡಿದು ಎಲ್ಲರಿಗೂ ಸಿಗುತ್ತದೆ.

ಒಬ್ಬರ ಲಾಗಿನ್ ಇನ್ನೊಬ್ಬರು ಬಳಸುವುದನ್ನು ನಾನು ಖಡಾಖಂಡಿತವಾಗಿ ವಿರೋಧಿಸುತ್ತೇನೆ. "ನಾನು ಊಟಕ್ಕೆ ಹೋಗ್ತೀನಿ, ನನ್ನ ಐಡಿಯಲ್ಲೇ ಎಂಟ್ರಿ ಹಾಕು" ಎಂಬುದು ಸ್ನೇಹದ ಮಾತು. ಆದರೆ ಆಡಿಟಿನಲ್ಲಿ ವ್ಯತ್ಯಾಸ ಬಂದಾಗ ದಾಖಲೆಯಲ್ಲಿ ಇರುವುದು ನಿಮ್ಮ ಹೆಸರು. ಡಿಜಿಟಲ್ ಸಹಿ ಇರುವ, ಪೆನ್ ಡ್ರೈವ್‌ನಂಥ ಡಾಂಗಲ್ ವಿಷಯ ಇನ್ನೂ ಗಂಭೀರ. ಅದನ್ನು ಕಂಪ್ಯೂಟರಿಗೆ ಚುಚ್ಚಿಟ್ಟು, ಪಿನ್ನನ್ನು ಆಪರೇಟರ್‌ಗೆ ಹೇಳಿ ಮೀಟಿಂಗಿಗೆ ಹೋಗುವ ಅಧಿಕಾರಿಗಳನ್ನು ಎಷ್ಟೋ ಕಡೆ ಕಂಡಿದ್ದೇನೆ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆ ಆ ಸಹಿಗೆ ಕಾನೂನಿನ ಮಾನ್ಯತೆ ಕೊಟ್ಟಿದೆ. ಖಾಲಿ ಚೆಕ್ಕಿಗೆ ರುಜು ಹಾಕಿ ಮೇಜಿನ ಮೇಲೆ ಬಿಟ್ಟು ಹೋಗುತ್ತೀರಾ? ಕೆಲಸ ಮುಗಿದ ಕೂಡಲೇ ತೆಗೆದು ಜೇಬಿಗೆ ಹಾಕಿಕೊಳ್ಳಿ.

ಕುರ್ಚಿಯಿಂದ ಏಳುವಾಗ

ವಿಂಡೋಸ್ ಕೀ ಹಿಡಿದು ಎಲ್ ಒತ್ತಿ. ಪರದೆಗೆ ಬೀಗ ಬೀಳುತ್ತದೆ. ಚಹಾಕ್ಕೆ ಎದ್ದರೂ ಒತ್ತಿ, ಪಕ್ಕದ ಟೇಬಲ್ಲಿಗೆ ಹೋದರೂ ಒತ್ತಿ. ಒಂದು ವಾರ ನೆನಪು ಮಾಡಿಕೊಂಡರೆ ಆಮೇಲೆ ಕೈಯೇ ಒತ್ತುತ್ತದೆ.

ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಯಲು ವಾಟ್ಸಾಪ್ ವೆಬ್ ತೆರೆದವರು ಲಾಗೌಟ್ ಮಾಡದೆ ಬಂದಿರುತ್ತೀರಿ. ಈಗಲೇ ಫೋನಿನಲ್ಲಿ 'ಲಿಂಕ್ಡ್ ಡಿವೈಸಸ್' ನೋಡಿ, ಗುರುತಿಲ್ಲದ್ದನ್ನು ತೆಗೆಯಿರಿ.

ಪೆನ್ ಡ್ರೈವ್, ಪ್ರೆಸ್ಸು, ನುಡಿ

ಪ್ರತಿ ವರ್ಷ ಮಹಾಸಭೆಯ ವರದಿ ಅಚ್ಚಿಗೆ ಹೋದಾಗ ನಮ್ಮ ಪೆನ್ ಡ್ರೈವ್ ರೋಗ ಹತ್ತಿಸಿಕೊಂಡು ಬರುತ್ತಿತ್ತು. ಫೋಲ್ಡರುಗಳೆಲ್ಲ ಮಾಯವಾಗಿ, ಅದೇ ಹೆಸರಿನ ಶಾರ್ಟ್‌ಕಟ್‌ಗಳು ಕೂತಿರುತ್ತಿದ್ದವು. ಅದರ ಮೇಲೆ ಒತ್ತಿದರೆ ಫೋಲ್ಡರೂ ತೆರೆಯುತ್ತದೆ, ಹಿಂದೆ ವೈರಸ್ಸೂ ಓಡುತ್ತದೆ. ಈಗ ಪ್ರೆಸ್ಸಿಗೆಂದೇ ಒಂದು ಪೆನ್ ಡ್ರೈವ್ ಇದೆ. ಅದರಲ್ಲಿ ಅಚ್ಚಿಗೆ ಬೇಕಾದ ಕಡತ ಬಿಟ್ಟು ಬೇರೇನೂ ಇರುವುದಿಲ್ಲ. ವಾಪಸು ಬಂದ ಮೇಲೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಮಾಡದೆ ತೆರೆಯುವುದಿಲ್ಲ. ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್ ಡಿಫೆಂಡರ್ ಸಾಮಾನ್ಯ ಕಚೇರಿಗೆ ಸಾಕು, ಅದನ್ನು ಆಫ್ ಮಾಡದಿದ್ದರೆ.

ಆಫ್ ಮಾಡಿಸುವವರೂ ಇದ್ದಾರೆ. ಕಳ್ಳ ಪ್ರತಿಯ ವಿಂಡೋಸ್, ಆಫೀಸ್ ಹಾಕಿಕೊಡುವವರು ಮೊದಲು ಹೇಳುವುದೇ "ಆಂಟಿವೈರಸ್ ಆಫ್ ಮಾಡಿ, ಇಲ್ಲಾಂದ್ರೆ ಆಕ್ಟಿವೇಟರ್ ಓಡಲ್ಲ" ಎಂದು. ಕಾವಲುಗಾರನನ್ನು ಹೊರಗೆ ಕಳಿಸಿ ಮನೆಯೊಳಗೆ ಬಿಟ್ಟುಕೊಂಡವನು ಏನೇನು ಮಾಡಿ ಹೋದ ಎಂದು ಯಾರು ಹೇಳುತ್ತಾರೆ? ದುಡ್ಡಿಲ್ಲದಿದ್ದರೆ ಲಿಬ್ರೆಆಫೀಸ್ ಉಚಿತವಾಗಿದೆ, ಪತ್ರ ವ್ಯವಹಾರಕ್ಕೆ ಧಾರಾಳ ಸಾಕು. ಕನ್ನಡ ತಂತ್ರಾಂಶಕ್ಕೂ ಇದೇ ಮಾತು. ನುಡಿ ಬೇಕೆಂದು ಹುಡುಕಿ, ಮೊದಲು ಕಂಡ ಜಾಹೀರಾತಿನ 'ಡೌನ್‌ಲೋಡ್' ಗುಂಡಿ ಒತ್ತಿದವರ ಕಂಪ್ಯೂಟರಿನಲ್ಲಿ ನುಡಿಯ ಜೊತೆ ಇನ್ನೂ ನಾಲ್ಕು ಬೇಡದ ವಸ್ತು ಕೂತಿರುವುದನ್ನು ಕಂಡಿದ್ದೇನೆ. ಕನ್ನಡ ಗಣಕ ಪರಿಷತ್ತು ರೂಪಿಸಿದ ತಂತ್ರಾಂಶ ಅದು, ಮೂಲದಿಂದಲೇ ತನ್ನಿ. ಯುನಿಕೋಡ್‌ನಲ್ಲಿ ಬರೆಯುವುದಾದರೆ ವಿಂಡೋಸ್‌ನ ಭಾಷೆಯ ಸೆಟ್ಟಿಂಗ್‌ನಲ್ಲೇ ಕನ್ನಡ ಕೀಲಿಮಣೆ ಇದೆ.

ದೂರದಲ್ಲಿ ಕೂತು ನಮ್ಮ ಕಂಪ್ಯೂಟರ್ ನಡೆಸಲು ಬಿಡುವ ಎನಿಡೆಸ್ಕ್, ಟೀಮ್‌ವ್ಯೂವರ್ ತರಹದ ತಂತ್ರಾಂಶ ಒಳ್ಳೆಯವೇ. ನಮ್ಮ ಸರ್ವಿಸ್ ಹುಡುಗ ಅವನ್ನೇ ಬಳಸುತ್ತಾನೆ. ನಾವು ಕರೆದಾಗ ಮಾತ್ರ, ನಮ್ಮ ಕಣ್ಣೆದುರು ಮಾತ್ರ. ತಾನಾಗಿ ಫೋನ್ ಮಾಡಿ "ಬ್ಯಾಂಕಿನಿಂದ, ಎನಿಡೆಸ್ಕ್ ಹಾಕಿಕೊಳ್ಳಿ" ಎಂದವರ ಮಾತು ಅಲ್ಲಿಗೇ ಮುಗಿಯಬೇಕು.

ಅಪ್‌ಡೇಟ್

2017ರ ಮಾರ್ಚ್ 14ರಂದು ಮೈಕ್ರೋಸಾಫ್ಟ್ ವಿಂಡೋಸ್‌ನ ಒಂದು ತೂತಿಗೆ ತೇಪೆ ಬಿಡುಗಡೆ ಮಾಡಿತು. ಮೇ 12ರಂದು ಅದೇ ತೂತಿನಿಂದ ವಾನಾಕ್ರೈ ಎಂಬ ರಾನ್ಸಮ್‌ವೇರ್ ನುಗ್ಗಿ ಸುಮಾರು 150 ದೇಶಗಳ ಕಂಪ್ಯೂಟರುಗಳನ್ನು ಕಟ್ಟಿಹಾಕಿತು, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ರೋಗಿಗಳನ್ನು ವಾಪಸು ಕಳಿಸಬೇಕಾಯಿತು. ನಡುವೆ ಎರಡು ತಿಂಗಳ ಸಮಯವಿತ್ತು. 'ನಂತರ ನೆನಪಿಸಿ' ಎಂದು ಒತ್ತುವಾಗ ನನಗೆ ಈ ಎರಡು ತಾರೀಕು ನೆನಪಾಗುತ್ತವೆ.

ನಮ್ಮ ಕಡೆ ಜನ ಅಪ್‌ಡೇಟ್‌ಗೆ ಹೆದರುವುದು ಕರೆಂಟಿನ ಕಾರಣಕ್ಕೆ. ಆಷಾಢದ ಮಳೆಯಲ್ಲಿ ಅರ್ಧ ಅಪ್‌ಡೇಟ್ ಆದಾಗ ಲೈನು ಹೋದರೆ ಕಂಪ್ಯೂಟರ್ ಏಳುವುದೇ ಇಲ್ಲ ಎಂಬ ಭಯ ಸುಳ್ಳಲ್ಲ. ಅದಕ್ಕೇ ಯುಪಿಎಸ್ ಬ್ಯಾಟರಿ ಚೆನ್ನಾಗಿರಲಿ. ಬುಧವಾರ ಮಧ್ಯಾಹ್ನದ ಊಟದ ಹೊತ್ತು ನಮ್ಮಲ್ಲಿ ಅಪ್‌ಡೇಟ್ ಹೊತ್ತು. ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ತೇಪೆ ಬಿಡುವುದರಿಂದ ಆ ವಾರದ ಬುಧವಾರ ಹೊಸದೇನಿದೆ ಎಂದು ನಾನೇ ಹೋಗಿ ನೋಡುತ್ತೇನೆ. ವಿಂಡೋಸ್ 7ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 14ಕ್ಕೆ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ. ಬೆಂಬಲ ನಿಂತರೆ ಹೊಸ ತೇಪೆ ಬರುವುದಿಲ್ಲ. ಹಳೆಯ ಯಂತ್ರವನ್ನು ಎಸೆಯಲು ಮನಸ್ಸಿಲ್ಲದಿದ್ದರೆ ಅದರ ನೆಟ್ ತಂತಿ ತೆಗೆದು ಟೈಪಿಂಗ್‌ಗೆ ಮಾತ್ರ ಇಟ್ಟುಕೊಳ್ಳಿ.

ಒತ್ತಿಬಿಟ್ಟ ಮೇಲೆ

ಇಷ್ಟೆಲ್ಲ ಮಾಡಿದರೂ ಒಂದು ದಿನ ಯಾರೋ ಒತ್ತುತ್ತಾರೆ. ಆಗ ಮೊದಲು ನೆಟ್‌ವರ್ಕ್ ತಂತಿ ಕಿತ್ತು ಹಾಕಿ, ವೈಫೈ ಇದ್ದರೆ ಅದನ್ನು ಆಫ್ ಮಾಡಿ. ಪೆನ್ ಡ್ರೈವ್, ಹೊರಗಿನ ಡಿಸ್ಕ್ ಬಿಚ್ಚಿ. ನೆಟ್‌ನಿಂದ ಬೇರ್ಪಡಿಸಲು ದಾರಿಯೇ ಇಲ್ಲದಿದ್ದರೆ ಕಂಪ್ಯೂಟರನ್ನೇ ಆರಿಸಿ. ಪರದೆಯ ಫೋಟೋ ಮೊಬೈಲಿನಲ್ಲಿ ತೆಗೆಯಿರಿ. ಗಟ್ಟಿಯಾಗಿ ಹೇಳಿ, ಕೋಣೆಯಲ್ಲಿರುವ ಎಲ್ಲರಿಗೂ ಕೇಳುವಂತೆ. ದುಡ್ಡು ಹೋಗಿದ್ದರೆ ಅದೇ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ಹೋಗುವ ಮುನ್ನ ಅದನ್ನು ತಡೆಹಿಡಿಯಲು ಸಾಧ್ಯವಾಗುವುದು ಆರಂಭದ ಹೊತ್ತಿನಲ್ಲೇ. ಸಂಸ್ಥೆಗಳು ಇಂಥ ಘಟನೆಯನ್ನು 6 ಗಂಟೆಯೊಳಗೆ ಕೇಂದ್ರ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ಗೆ ವರದಿ ಮಾಡಬೇಕೆಂದು 2022ರ ಏಪ್ರಿಲ್ 28ರ ನಿರ್ದೇಶನವಿದೆ. ಕಡತಗಳು ಈಗಾಗಲೇ ಬೀಗಕ್ಕೆ ಸಿಕ್ಕಿದ್ದರೆ 'ನೋ ಮೋರ್ ರಾನ್ಸಮ್' ಎಂಬ ತಾಣದಲ್ಲಿ ಕೆಲವು ಬಗೆಯವಕ್ಕೆ ಉಚಿತ ಕೀ ಸಿಗುತ್ತದೆ. ಯುರೋಪಿನ ಪೊಲೀಸ್ ಸಂಸ್ಥೆ ಯುರೋಪೋಲ್, ಡಚ್ ಪೊಲೀಸರು ಸೇರಿ 2016ರಲ್ಲಿ ಶುರು ಮಾಡಿದ ತಾಣ ಅದು.

ಇನ್ನು ಮ್ಯಾನೇಜರ್ ಕುರ್ಚಿಯಲ್ಲಿ ಕೂತವರಿಗೆ ನನ್ನದೊಂದು ಬಿನ್ನಹ. ಓಡಿಬಂದು ಹೇಳಿದವರನ್ನು ದಯವಿಟ್ಟು ಎಲ್ಲರೆದುರು ಬೈಯಬೇಡಿ. ನನ್ನ ಆ 40 ನಿಮಿಷವನ್ನು ತಿಂದದ್ದು ವೈರಸ್ ಅಲ್ಲ, ಭಯ. ಈಗ ನಮ್ಮಲ್ಲಿ ಸಂಘದ ಠರಾವು ಪುಸ್ತಕದಲ್ಲೇ ಬರೆದಿದೆ: ತಕ್ಷಣ ತಿಳಿಸಿದ ಸಿಬ್ಬಂದಿಯ ಮೇಲೆ ಶಿಸ್ತುಕ್ರಮ ಇಲ್ಲ.

ಕಳೆದ ಶ್ರಾವಣದಲ್ಲಿ ಕೌಂಟರಿಗೆ ಹೊಸದಾಗಿ ಸೇರಿದ ಹುಡುಗಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು. ಕೊರಿಯರ್ ರಸೀದಿ ಎಂದು ಬಂದದ್ದನ್ನು ತೆರೆದಿದ್ದಳು. "ಮೇಡಂ, ನಾನು ಒತ್ತಿಬಿಟ್ಟೆ" ಎಂದಳು, ದನಿ ನಡುಗುತ್ತಿತ್ತು. ಅವಳ ಕಂಪ್ಯೂಟರಿನ ನೀಲಿ ತಂತಿಯ ತುದಿ ಆಗಲೇ ಗೋಡೆಯಿಂದ ಕಳಚಿ ನೆಲದ ಮೇಲೆ ಬಿದ್ದಿತ್ತು. ಹನ್ನೊಂದೂ ಹತ್ತಕ್ಕೆ ಅವಳು ಹೇಳಿದಳು. ಆ ಯಂತ್ರವನ್ನು ಬದಿಗಿಟ್ಟೆವು, ಬೇರೆಯದಕ್ಕೆ ಕೆಂಪು ದಾರದ ಡಿಸ್ಕಿನಿಂದ ಹಿಂದಿನ ಸಂಜೆಯ ಪ್ರತಿ ತುಂಬಿದೆವು, ಬೆಳಗಿನ 17 ರಸೀದಿಗಳನ್ನು ಮತ್ತೆ ಬರೆದಳು. ಎರಡೂ ಕಾಲಿಗೆ ಕೌಂಟರ್ ತೆರೆಯಿತು.